ಕ್ಲೀನರ್ ಬೇಡದ ಟ್ರಕ್ಕು

ಡೀಸೆಲ್ ಟ್ರಕ್ಕೇ ಬೇಕೆಂದು ನಮ್ಮವರು ಹಟ ಹಿಡಿದಿದ್ದರು, ಪೆಟ್ರೋಲಿನದೇ ಸಾಕೆಂದು ನಾನು. ವಾರದಿಂದ ಮನೆಯಲ್ಲಿ ಇದೇ ರಾಮಾಯಣ. ರೊಟ್ಟಿ ಬಡಿಯುವಾಗಲೂ ಇದೇ, ಹಾಸಿಗೆ ಹಾಸುವಾಗಲೂ ಇದೇ. ಹುಬ್ಬಳ್ಳಿಯಲ್ಲಿ ಲಾರಿಗಳು ನಿಲ್ಲುವ ಬಯಲಿನ ಪಕ್ಕದಲ್ಲೇ ಬೆಳೆದ ಮನುಷ್ಯ. ಭಾರ ಎಳೆಯುವುದು ಅಂದರೆ ಡೀಸೆಲ್, ಪೆಟ್ರೋಲು ಏನಿದ್ದರೂ ಸ್ಕೂಟರಿಗೆ ಎಂಬುದು ಅವರ ಶಾಸ್ತ್ರ. ಆ ಶಾಸ್ತ್ರ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹುಬ್ಬಳ್ಳಿ ಬಿಟ್ಟು ಈ ಚಳಿಯ ಪರದೇಶಕ್ಕೆ ಬಂದು ಮಾಲ್ಟನ್‌ನ ಒಂದು ಟೌನ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಮೆಡೋವೇಲ್‌ನ ಆಫೀಸುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವುದು ನಮ್ಮ ಕಸುಬು. ಅಡುಗೆ ಇಬ್ಬರದೂ, ವ್ಯಾನ್ ಓಡಿಸುವುದು ಅವರದು. ತಿನ್ನುವವರು ಬಹುತೇಕ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಮಂದಿ. ಖಾರ ಸ್ವಲ್ಪ ಕಮ್ಮಿ ಮಾಡಿ ಅನ್ನುತ್ತಲೇ ಇನ್ನೊಂದು ಚಮಚ ಶೇಂಗಾ ಚಟ್ನಿ ಕೇಳುವವರು. ಅವರಲ್ಲೇ ಒಬ್ಬರು ಮಗಳ ಮದುವೆಯ ಅಡುಗೆಯನ್ನು ನಮಗೆ ಒಪ್ಪಿಸಿದಾಗ ನಾವು ಧೈರ್ಯ ಮಾಡಿ ಒಂದು ಹಳೆಯ ಅಡುಗೆ ಟ್ರೈಲರ್ ಕೊಂಡೆವು. ಒಲೆ, ಸಿಂಕು, ನೀರಿನ ಟ್ಯಾಂಕು ಎಲ್ಲ ಅದರೊಳಗೇ. ಮದುವೆ ಇದ್ದದ್ದು ಕಿಚನರ್ ಕಡೆ, ಮುಂದಿನ ಶನಿವಾರ. ಟ್ರೈಲರ್ ಏನೋ ಮನೆ ಮುಂದೆ ಬಂದು ನಿಂತಿತು, ಎಳೆಯುವ ಗಾಡಿ ಇರಲಿಲ್ಲ. ಪಾತ್ರೆ, ನೀರು, ಅಕ್ಕಿ ಸೇರಿದರೆ ನಮ್ಮ ವ್ಯಾನಿನ ಮಾತಿರಲಿ, ಸಾಧಾರಣ ಪಿಕಪ್ಪಿಗೂ ಅದು ಆಗದ ಕೆಲಸ. ಇಲ್ಲಿನವರು ಹೆವಿ ಡ್ಯೂಟಿ ಟ್ರಕ್ಕು ಅನ್ನುವ ದೊಡ್ಡ ಪಿಕಪ್ಪೇ ಆಗಬೇಕಿತ್ತು.

ಅದನ್ನು ಓಡಿಸಬೇಕಾದವಳು ನಾನು. ಆ ಚಳಿಗಾಲದಲ್ಲಿ ನಮ್ಮವರು ಎರಡು ಸಲ ಪಕ್ಕದಿಂದ ಬಂದ ಕಾರನ್ನು ಗಮನಿಸದೆ ಸ್ವಲ್ಪದರಲ್ಲಿ ಪಾರಾಗಿದ್ದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿದೆ ಎಂದು ಗೊತ್ತಾಯಿತು. ಇಲ್ಲಿನ ಕಾನೂನಿನಂತೆ ಡಾಕ್ಟರು ಸರಕಾರಕ್ಕೆ ತಿಳಿಸಿದರು, ಲೈಸೆನ್ಸ್ ಅಮಾನತಾಯಿತು. ಆಮೇಲೆ ದೊಡ್ಡ ಡಾಕ್ಟರ ಹತ್ತಿರ ಒಬ್ಬರೇ ಹೋಗಿಬಂದು, "ಆರು ತಿಂಗಳ ಹನಿ ಹಾಕ್ಕೋಬೇಕಂತ, ಆಮ್ಯಾಲೆ ಲೈಸೆನ್ಸ್ ವಾಪಸ್ ಕೊಡ್ತಾರಂತ" ಅಂದರು. ನಾನು ನಂಬಿದೆ, ಡಬ್ಬಿಯ ವ್ಯಾನ್ ಓಡಿಸತೊಡಗಿದೆ. ಟ್ರೈಲರ್ ಎಳೆಯುವುದನ್ನೂ ಒಬ್ಬ ಮಾಸ್ತರರ ಹತ್ತಿರ ಕಲಿತುಕೊಂಡೆ. ಅಂದರೆ ಅವರು ಆರು ತಿಂಗಳ ಆಚೆಗಿನ ತಮಗಾಗಿ ಟ್ರಕ್ಕು ಆರಿಸುತ್ತಿದ್ದರು, ನಾನು ಮುಂದಿನ ಶನಿವಾರದ ನನಗಾಗಿ. ಜಗಳದ ಬೇರು ಇದ್ದದ್ದು ಇಲ್ಲೇ.

ನನ್ನ ಲೆಕ್ಕ ಸರಳವಾಗಿತ್ತು. ಇಲ್ಲಿನ ಚಳಿಯಲ್ಲಿ ಡೀಸೆಲ್ ಎಂಜಿನ್ನನ್ನು ರಾತ್ರಿಯಿಡೀ ಕರೆಂಟಿಗೆ ಚುಚ್ಚಿ ಬೆಚ್ಚಗಿಡಬೇಕು. ನಮ್ಮ ಪಾರ್ಕಿಂಗಿನಲ್ಲಿ ಪ್ಲಗ್ಗೇ ಇಲ್ಲ. ದಿನಾ ಓಡುವುದು ಮಾಲ್ಟನ್‌ನಿಂದ ಮೆಡೋವೇಲ್‌ಗೆ, ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರೇ ಬಂದಿರುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ನಿಜ, ಆದರೆ ನಮ್ಮ ಭಾರಕ್ಕೆ ಅದರ ಬಲ ಸಾಕು. ಇಷ್ಟು ಹೇಳಿದರೆ ಅವರು, "ನಿನಗೇನ್ ಗೊತ್ತ ಬಿಡು" ಎಂದು ಮಾತು ಮುಗಿಸುತ್ತಿದ್ದರು.

ಕೊನೆಗೆ ಡೆರಿ ರೋಡಿನ ಒಬ್ಬ ಪಂಜಾಬಿ ವ್ಯಾಪಾರಿಯ ಹತ್ತಿರ ಎರಡು ಹಳೆಯ ಟ್ರಕ್ಕುಗಳು ಸಿಕ್ಕವು, ಒಂದು ಡೀಸೆಲ್, ಒಂದು ಪೆಟ್ರೋಲ್. ನಮ್ಮ ಟ್ರೈಲರನ್ನೇ ಕಟ್ಟಿ ಓಡಿಸಿ ನೋಡದೆ ಕೊಳ್ಳುವುದಿಲ್ಲ ಎಂದೆ. ಆತ ಒಪ್ಪಿ, ತಾನೇ ಬಂದು ಟ್ರೈಲರನ್ನು ಅಂಗಡಿಗೆ ಎಳೆದು ತಂದ. ಮಾತೆಲ್ಲ ನಮ್ಮವರ ಜೊತೆಗೇ, "ಭಾಯಿಸಾಬ್, ಭಾಯಿಸಾಬ್" ಅಂತ. ಮೊದಲು ಡೀಸೆಲ್ಲಿಗೆ ಕಟ್ಟಿಸಿದರು. ಇಲ್ಲಿ ಸ್ಟೀರಿಂಗ್ ಎಡಗಡೆಗೆ, ನಾನು ಅಲ್ಲಿ ಹತ್ತಿ ಕೂತು ಕನ್ನಡಿ ನೋಡಿದೆ. ಮಾಮೂಲಿ ಸಣ್ಣ ಕನ್ನಡಿಗಳು. ಬಲಗಡೆಯದರಲ್ಲಿ ಟ್ರೈಲರಿನ ಬಿಳಿ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ರೀ, ಈ ಕಡೆ ರಸ್ತಾನ ಕಾಣವಲ್ತು."

"ನಾ ಅದೀನಲ್ಲ" ಎಂದು ಅವರು ಪಕ್ಕದ ಸೀಟಿನಲ್ಲಿ ಕೂತು ಗಾಜು ಇಳಿಸಿದರು. "ನಮ್ಮ ಕಡೆ ಲಾರಿಗೆ ಕ್ಲೀನರ್ ಇರೂದು ಯಾತಕ್ಕ? ನೀ ಎದುರಿಗೆ ನೋಡಿ ಹೊಡಿ. ಬಲಕ್ಕ ನಾ ನೋಡ್ತೀನಿ."

ಲೈಸೆನ್ಸ್ ಹೋದಂದಿನಿಂದ ವ್ಯಾನಿನಲ್ಲೂ ಅವರು ಹೀಗೇ ಕ್ಲೀನರ್ ಆಗಿದ್ದರು. ಕೈ ಹೊರಗೆ ಹಾಕಿ ಬಾಗಿಲಿಗೆ ಪಟಪಟ ಬಡಿದು "ಹೋಗ್ಲಿ, ಹೋಗ್ಲಿ" ಅನ್ನುವರು. ವ್ಯಾನಿನಲ್ಲಿ ನಾನು ನನ್ನ ಕನ್ನಡಿ ನೋಡಿಯೇ ತಿರುಗಿಸುತ್ತಿದ್ದುದರಿಂದ ಅದು ನನಗೆ ಒಂದು ತಮಾಷೆ. ಬಡಿದುಕೊಳ್ಳಲಿ ಪಾಪ, ಕೈಗೊಂದು ಕೆಲಸ ಎಂದುಕೊಂಡಿದ್ದೆ.

ಡೀಸೆಲ್ ಚೆನ್ನಾಗಿಯೇ ಎಳೆಯಿತು, ಸುಳ್ಳು ಹೇಳಬಾರದು. ಹಿಂದೆ ಏನೂ ಇಲ್ಲವೇನೋ ಎಂಬಂತೆ ೪೦೧ ಹೈವೇ ಹತ್ತಿತು. ಮೆಡೋವೇಲ್ ದಾಟುವ ಹೊತ್ತಿಗೆ ನಮ್ಮವರ ಮುಖ ಅರಳಿತ್ತು. "ಕೇಳು, ಎಂಜಿನ್ ಸಪ್ಪಳ ಕೇಳು" ಅನ್ನುತ್ತಿದ್ದರು. ನನ್ನ ಗಮನವೆಲ್ಲ ಆ ಕನ್ನಡಿಯ ಮೇಲೇ. ನಾನು ನಡುವಿನ ಲೇನಿನಲ್ಲಿದ್ದೆ. ಮಿಲ್ಟನ್ನಿನಲ್ಲಿ ಇಳಿದು ತಿರುಗಿ ಬರುವ ಯೋಚನೆ. ಬಲಕ್ಕೆ ಸರಿಯಬೇಕು. ಸಿಗ್ನಲ್ ಹಾಕಿದೆ. ಕನ್ನಡಿಯಲ್ಲಿ ಅದೇ ಬಿಳಿ ಗೋಡೆ.

"ಬಲಕ್ಕ ನೋಡ್ರಿ, ಯಾರರೆ ಬರಾಕತ್ತಾರೇನು?"

ಅವರು ತಲೆ ಹೊರಗೆ ಹಾಕಿ ಹಿಂದೆ ತಿರುಗಿ ನೋಡಿದರು. ಅವಸರದಲ್ಲಿ ಅಲ್ಲ, ಸಮಾಧಾನವಾಗಿಯೇ ನೋಡಿದರು. ಬಾಗಿಲಿಗೆ ಎರಡು ಸಲ ಬಡಿದರು. "ಖಾಲಿ ಐತಿ. ಹೋಗ್ಲಿ, ಹೋಗ್ಲಿ!"

ನಾನು ಸ್ಟೀರಿಂಗ್ ತಿರುಗಿಸಿದೆ. ಕಿವಿ ಹರಿಯುವ ಹಾರ್ನ್ ಕೇಳಿತು. ಅವರ ಕಿಟಕಿಯ ಕೆಳಗೇ ಒಂದು ಸಣ್ಣ ಕೆಂಪು ಕಾರು ಇತ್ತು, ಅದರಲ್ಲಿ ಬಾಯಿ ತೆರೆದುಕೊಂಡ ಒಬ್ಬ ಹುಡುಗಿ. ಎಡಕ್ಕೆ ಎಳೆದುಕೊಂಡೆ. ಎಳೆದ ರಭಸಕ್ಕೆ ಹಿಂದಿನ ಟ್ರೈಲರ್ ತೂಗತೊಡಗಿತು. ಅದು ಒಂದು ಸಲ ಆ ಕಡೆ ಎಳೆದರೆ ಟ್ರಕ್ಕಿನ ಬಾಲವೇ ಆ ಕಡೆ ಹೋಗುತ್ತಿತ್ತು, ಮರುಕ್ಷಣ ಈ ಕಡೆ. ಒಳಗೆ ಪಾತ್ರೆಗಳು ಉರುಳುವ ಸದ್ದು.

"ಬ್ರೇಕ್ ಹೊಡಿ! ಏ, ಬ್ರೇಕ್ ಹೊಡಿ ಅಂದ್ರ!" ಎಂದು ಅವರು ಕೂಗಿದರು.

ಹೊಡೆಯಬಾರದು. ಹಾಗೆ ತೂಗುವಾಗ ಟ್ರಕ್ಕಿನ ಬ್ರೇಕ್ ಒತ್ತಿದರೆ ಟ್ರೈಲರ್ ಮುಂದಕ್ಕೆ ನುಗ್ಗಿ ನಮ್ಮನ್ನೇ ಮಡಚಿ ಹಾಕುತ್ತದೆ ಎಂದು ಮಾಸ್ತರರು ಕಲಿಸಿದ್ದರು. ಕಾಲನ್ನು ಎರಡೂ ಪೆಡಲುಗಳಿಂದ ತೆಗೆದೆ. ಮೊಣಕಾಲ ಹತ್ತಿರ ಒಂದು ಸಣ್ಣ ಡಬ್ಬಿ, ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯುವ ಪುಟ್ಟ ಹಿಡಿಕೆ ಅದಕ್ಕೆ. ತಡಕಾಡಿ ಅದನ್ನು ಮೆಲ್ಲಗೆ ಒತ್ತಿದೆ. ಅವರು ಇನ್ನೂ ಕೂಗುತ್ತಿದ್ದರು. "ಬಾಯಿ ಮುಚ್ಚ್ರಿ!" ಅಂದೆ. ಮದುವೆಯಾದ ಮೇಲೆ ಆ ಮಾತು ಆಡಿದ್ದು ಅದೇ ಮೊದಲು. ತೂಗಾಟ ನಿಧಾನಕ್ಕೆ ಕಡಿಮೆಯಾಗಿ ಟ್ರೈಲರ್ ನೆಟ್ಟಗಾಯಿತು. ಕೆಂಪು ಕಾರು ಮುಂದೆ ಹೋಗಿ ಮರೆಯಾಯಿತು.

ಬಲಕ್ಕೆ ಪೂರ್ತಿ ಖಾಲಿಯೇ ಎಂದು ನಾನೇ ಕತ್ತು ಚಾಚಿ ಚಾಚಿ ನೋಡಿ, ಬಹಳ ದೂರ ಹೋದ ಮೇಲೆ ಇಳಿದೆ. ಹೈವೇ ಪಕ್ಕದ ಪಾರ್ಕಿಂಗಿನಲ್ಲಿ ನಿಲ್ಲಿಸಿದಾಗ ಕೋಪ ನೆತ್ತಿಗೇರಿತ್ತು.

"ಏನ್ ನೋಡಿದ್ರಿ ನೀವು? ಖಾಲಿ ಐತಿ ಅಂದ್ರಲ್ಲ! ಆ ಹುಡುಗಿ ಸಾಯ್ತಿದ್ಲು!"

"ಅದು ಎಲ್ಲಿಂದ ಬಂತು ಯಾರಿಗೆ ಗೊತ್ತು? ಹುಚ್ಚರಂಗ ಹೊಡ್ಕೊಂಡ ಬರ್ತಾರ ಇಲ್ಲಿ" ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಅವರು ನನ್ನ ಮುಖ ನೋಡದೆ, ಕಿಟಕಿಯ ಆಚೆ ಆ ಕಾರು ಇದ್ದ ಜಾಗವನ್ನೇ ಹುಡುಕುವವರಂತೆ ನೋಡುತ್ತಿದ್ದರು. ನನಗೆ ಅದು ಸೊಕ್ಕು ಅನ್ನಿಸಿತು. ಇನ್ನಷ್ಟು ಬೈದೆ.

ವಾಪಸು ಬರುವಾಗ ಹೈವೇಯ ಬಲತುದಿಯ ಲೇನ್ ಹಿಡಿದವಳು ಅಂಗಡಿ ಬರುವವರೆಗೆ ಬಿಡಲಿಲ್ಲ. ಅವರನ್ನು ಏನೂ ಕೇಳಲಿಲ್ಲ. ಕೇಳದಿದ್ದದ್ದು ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗಲಿ ಅಂತಲೇ ಸುಮ್ಮನಿದ್ದೆ.

ಇಳಿದವಳೇ ಪೆಟ್ರೋಲ್ ಟ್ರಕ್ಕಿನ ಹತ್ತಿರ ಹೋದೆ. ಅದರ ಹಿಂದಿನ ಮಾಲೀಕ ಕುದುರೆಗಳನ್ನು ಸಾಗಿಸುತ್ತಿದ್ದನಂತೆ. ಎರಡೂ ಕಡೆ ಆನೆಕಿವಿಯಂಥ ಕನ್ನಡಿಗಳು, ಹಿಡಿದೆಳೆದರೆ ಇನ್ನೂ ಹೊರಕ್ಕೆ ಚಾಚುವಂಥವು. ಟ್ರೈಲರನ್ನು ಇದಕ್ಕೆ ಕಟ್ಟಿ ಎಂದೆ. ವ್ಯಾಪಾರಿ ನನ್ನ ಮಾತು ಕೇಳಿಸದವನಂತೆ ನಮ್ಮವರ ಕಡೆ ತಿರುಗಿ, "ಭಾಯಿಸಾಬ್, ಡೀಸೆಲ್ ಪಸಂದ್ ನಹೀ ಆಯಾ?" ಎಂದು ಕೇಳಿದ.

"ಚಲಾನೇವಾಲೀ ವೋ ಹೈ. ಉಸ್ಕೋ ಪೂಛೋ" ಅಂದರು ನಮ್ಮವರು. ಓಡಿಸುವವಳು ಅವಳು, ಅವಳನ್ನೇ ಕೇಳು ಎಂಬ ಆ ಮಾತಿಗೇ ವಾರದಿಂದ ಕಾದಿದ್ದೆ. ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಕಂಡು ಗೆದ್ದ ಖುಷಿಗಿಂತ ಭಯವೇ ಹೆಚ್ಚಾಯಿತು.

ಮತ್ತೆ ಅದೇ ಹೈವೇ. ಏರಿನಲ್ಲಿ ಪೆಟ್ರೋಲ್ ಎಂಜಿನ್ ಡೀಸೆಲ್ಲಿಗಿಂತ ಹೆಚ್ಚು ಅರಚಿತು, ಆದರೆ ವೇಗ ಬಿಡಲಿಲ್ಲ. ಬಲಗಡೆಯ ಕನ್ನಡಿಯಲ್ಲಿ ಟ್ರೈಲರಿನ ಪೂರ್ತಿ ಉದ್ದವೂ ಅದರ ಹಿಂದಿನ ರಸ್ತೆಯೂ ಕಾಣುತ್ತಿತ್ತು. ಒಂದು ಲಾರಿ ಹೋಗುವವರೆಗೆ ಕಾದು, ಬಲಕ್ಕೆ ಸರಿದೆ. ನಮ್ಮವರು ಗಾಜು ಇಳಿಸಲಿಲ್ಲ, ಬಾಗಿಲು ಬಡಿಯಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸ್ವಲ್ಪ ದೂರ ಹೋದ ಮೇಲೆ, "ನಾ ಸುಳ್ಳ ಹೇಳಿದ್ದಿಲ್ಲ" ಅಂದರು.

"ಏನು?"

"ಆ ಕಾರು. ನಾ ನೋಡೇ ಹೇಳೀನಿ. ನನಗ ರಸ್ತಾ ಖಾಲಿನ ಕಾಣ್ತು."

ನಾನು ವೇಗ ತುಸು ತಗ್ಗಿಸಿದೆ.

"ಸುಳ್ಳ ಹೇಳಿದ್ದು ಬ್ಯಾರೇದು. ಡಾಕ್ಟರು ಆರು ತಿಂಗಳ ಅಂದಿಲ್ಲ. ಹೋದ ನೋಟ ತಿರುಗಿ ಬರೂದಿಲ್ಲ ಅಂದಾರ. ಇದ್ದದ್ದು ಉಳದ್ರ ಸಾಕಂತ. ಆರು ತಿಂಗಳ ಅನ್ನೂದು ನಾನ ಸೇರಿಸಿದ್ದು."

ನನ್ನ ಕೋಪವೆಲ್ಲ ಒಮ್ಮೆಲೇ ಇಳಿದುಹೋಯಿತು. ಇಷ್ಟು ದಿನ ಅವರು ಯಾರ ಸಲುವಾಗಿ ಟ್ರಕ್ಕು ಆರಿಸುತ್ತಿದ್ದರೋ ಆರು ತಿಂಗಳ ಆಚೆಗಿನ ಆ ಮನುಷ್ಯ ಬರುವುದೇ ಇಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅವರ ಕೈ ಹಿಡಿದುಕೊಳ್ಳಬೇಕೆಂದು ಬಹಳ ಅನ್ನಿಸಿತು. ಹಿಂದೆ ಟ್ರೈಲರ್ ಇತ್ತು, ಪಕ್ಕದಲ್ಲಿ ದೊಡ್ಡ ಲಾರಿಗಳು ಹಾಯುತ್ತಿದ್ದವು, ಒಂದು ಕೈಯನ್ನೂ ಸ್ಟೀರಿಂಗಿನಿಂದ ತೆಗೆಯುವಂತಿರಲಿಲ್ಲ.

"ಈಗೆಷ್ಟ ಕಾಣ್ತೈತ್ರಿ ನಿಮಗ?" ಎಂದು ರಸ್ತೆ ನೋಡುತ್ತಲೇ ಕೇಳಿದೆ.

"ಎದುರಿಗಿದ್ದದ್ದು ಕಾಣ್ತೈತಿ, ಬಾಜೂಕಿದ್ದದ್ದು ಕಾಣೂದಿಲ್ಲ. ನಿನ್ನ ಕಡೆ ತಿರುಗಿದ್ರ ನೀ ಕಾಣ್ತಿ."

"ಹಂಗಾರ ಈ ಕಡೆ ತಿರುಗಿ ಕೂಡ್ರಿ" ಅಂದೆ. ಅವರು ತಿರುಗಿ ಕೂತರು. ನನಗೆ ಅಳು ಒತ್ತಿ ಬರುತ್ತಿತ್ತು. ಕಣ್ಣು ಮಂಜಾದರೆ ಕನ್ನಡಿ ಕಾಣುವುದಿಲ್ಲವೆಂದು ತಡೆದುಕೊಂಡು ಓಡಿಸಿದೆ.