ಮಂಟಯ್ಯ ಮಾವ ಓದಿದ ಒಂದೇ ಸಾಲು

ನಮ್ಮ ಮಂಟಯ್ಯ ಮಾವ ಇಡೀ ಆಯುಸ್ಸಿನಲ್ಲಿ ಓದಿದ್ದು ಒಂದೇ ಒಂದು ಸಾಲು. ಅದೂ ಪುಸ್ತಕದಲ್ಲಿದ್ದದ್ದಲ್ಲ, ಊರ ಶಾಲೆಯ ಬಾಗಿಲ ಪಕ್ಕ ಗೋಡೆಗೆ ಕೂರಿಸಿದ್ದ ಕಲ್ಲಿನ ಮೇಲಿದ್ದದ್ದು. ಆ ಶಾಲೆಯೊಳಗೆ ಅವನು ಒಂದು ದಿನವೂ ಓದಲು ಕೂತವನಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ತಣ್ಣಗೆ ಹೇಳುತ್ತೇನೆಂದು ಯಾರೂ ಕಾಯಬೇಡಿ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಹನಗೋಡಿನಿಂದ ಆಚೆ, ಲಕ್ಷ್ಮಣತೀರ್ಥದ ದಂಡೆಯ ಊರು ನಮ್ಮದು. ಕುರಿ ಕಾಯುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು ಮನೆತನದ ಕಸುಬು. ಮಾವ ಇನ್ನೂ ತೊದಲು ಮಾತಾಡುತ್ತಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋದವು. ಸಿಡುಬಿನಮ್ಮ ಬಂದು ತೆಗೆದುಕೊಂಡು ಹೋದಳು, ಕೇಳುವುದಕ್ಕೆ ನಾವ್ಯಾರು ಎಂದರು ಊರವರು. ನನ್ನಜ್ಜಿ ಚಿಕ್ಕಬೀರಮ್ಮ ಅಷ್ಟಕ್ಕೆ ಸುಮ್ಮನಾಗುವ ಹೆಂಗಸಲ್ಲ. ಕಣ್ಣು ಒಯ್ದವಳು ಬೆರಳು ಬಿಟ್ಟು ಹೋಗಿದ್ದಾಳಲ್ಲ ಎನ್ನುತ್ತ ಹುಡುಗನನ್ನು ಕಂಕುಳಲ್ಲಿ ಎತ್ತಿಕೊಂಡು ಐಗಳ ಜಗಲಿಗೆ ಹೋದಳು.

ಆಗ ಊರಲ್ಲಿ ಸರ್ಕಾರದ ಶಾಲೆ ಇರಲಿಲ್ಲ. ಮುದುಕ ಐಗಳೊಬ್ಬರು ಜಗಲಿಯ ಮೇಲೆ ಮರಳು ಹರಡಿ, ಮಕ್ಕಳ ಬೆರಳು ಹಿಡಿದು ಅದರಲ್ಲೇ ಅಕ್ಷರ ತಿದ್ದಿಸುತ್ತಿದ್ದರು. ಆ ಮರಳಿಗೆ ಕಣ್ಣಿದ್ದವನೂ ಒಂದೇ, ಇಲ್ಲದವನೂ ಒಂದೇ. ಐಗಳು ಅಕ್ಷರವನ್ನು ಆಳವಾಗಿ ಗೀರುವರು, ಮಾವ ಆ ಗೀರಿನಲ್ಲಿ ಬೆರಳು ಓಡಿಸುವನು. ತಪ್ಪಿದರೆ ಎಲ್ಲರಿಗೂ ಬೀಳುವ ಏಟು ಅವನಿಗೂ ಬೀಳುತ್ತಿತ್ತು. ಆ ಏಟುಗಳನ್ನು ಮಾವ ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಕ್ಷರಮಾಲೆ ಮುಗಿಯಿತು, ಕಾಗುಣಿತವೂ ಮುಗಿಯಿತು. ಒತ್ತಕ್ಷರ ಶುರುವಾಗಬೇಕು ಎನ್ನುವಷ್ಟರಲ್ಲಿ ಕಾನೂನು ಬಂತು.

ಜರ್ಮನಿಯವರ ಮೊದಲ ಯುದ್ಧದ ಕಾಲ ಅದು. ಮಹಾರಾಜರ ಸರ್ಕಾರ ಆಯ್ದ ಕೆಲವು ಊರುಗಳಲ್ಲಿ ಓದು ಕಡ್ಡಾಯ ಮಾಡಿತು, ಅದರಲ್ಲಿ ನಮ್ಮೂರೂ ಸೇರಿತು. ವಯಸ್ಸಿಗೆ ಬಂದ ಗಂಡುಹುಡುಗರು ಶಾಲೆಗೆ ಹೋಗಲೇಬೇಕು, ಕಳಿಸದ ಅಪ್ಪನಿಗೆ ದಂಡ. ಚಾವಡಿಯ ಹಿಂದಿನ ಕೊಟ್ಟಿಗೆಯನ್ನು ತೊಳೆದು ಶಾಲೆ ಮಾಡಿದರು. ಮೇಷ್ಟ್ರು ಬಂದರು, ಸ್ಲೇಟು ಬಳಪ ಬಂದವು. ಮಕ್ಕಳೆಲ್ಲ ಅಲ್ಲಿಗೆ ಹೋದ ಮೇಲೆ ಐಗಳ ಜಗಲಿಯಲ್ಲಿ ಯಾರಿಗೆ ಪಾಠ? ಅವರು ಗಂಟು ಕಟ್ಟಿಕೊಂಡು ಪಿರಿಯಾಪಟ್ಟಣದ ಕಡೆ ಮಗಳ ಮನೆಗೆ ಹೋಗಿಬಿಟ್ಟರು. ಜಗಲಿಯ ಮರಳನ್ನು ಯಾರೋ ಗಾರೆ ಕಲಸಲು ಬಾಚಿಕೊಂಡರು.

ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು. ಅಂಗ ಊನವಾದವರಿಗೆ ವಿನಾಯಿತಿ. ಮನೆಮನೆಗೆ ಬಂದು ಹುಡುಗರ ಹೆಸರು ಬರೆದುಕೊಂಡವರು ಮಾವನ ಮುಖ ನೋಡಿ, ಇವನು ಬರಬೇಕಾಗಿಲ್ಲ ಎಂದು ಹೇಳಿ ಮುಂದಿನ ಮನೆಗೆ ಹೋದರು.

ನನ್ನಜ್ಜ ದೊಡ್ಡಬೀರಯ್ಯನಿಗೆ ಇದು ಮಹಾರಾಜರು ಕೈಯಾರೆ ಕೊಟ್ಟ ಮಾಫಿಯ ಹಾಗೆ ಕಂಡಿತು. ಉಳಿದ ಕುರುಬರ ಮನೆಗಳಲ್ಲಿ ಗೋಳೋ ಗೋಳು. ಹುಡುಗರು ಶಾಲೆಗೆ ಹೋದರೆ ಕುರಿ ಹಿಂದೆ ಹೋಗುವವರು ಯಾರು? ತಳವಾರ ಬಂದು ಹುಡುಗರನ್ನು ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದ. ಅಜ್ಜನ ಮಗನನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ತಮ್ಮ ಮಕ್ಕಳಿಗೂ ಒಂದು ಐಬು ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಬ್ಬ ಅಜ್ಜನ ಎದುರೇ ಅಂದನಂತೆ. ಕುರುಡು ಮಗನನ್ನು ಕಂಡು ಊರು ಹೊಟ್ಟೆಕಿಚ್ಚು ಪಟ್ಟದ್ದು ಅದೊಂದೇ ಸಲ. ಅಜ್ಜ ಅಂದೇ ಮಾವನ ಕೈಗೆ ಉಣ್ಣೆ ನೂಲುವ ಕದಿರು ಕೊಟ್ಟ.

"ಇಡ್ಕೊ ಕಣ್ಲಾ ಮಗ. ಇದುಕ್ ಕಣ್ ಬೇಕಿಲ್ಲ."

ಅಜ್ಜಿ ಮಾತ್ರ ಒಪ್ಪಲಿಲ್ಲ. ಮಾವನನ್ನು ಕರೆದುಕೊಂಡು ಶಾಲೆಯ ಬಾಗಿಲಿಗೆ ಹೋಗಿ ನಿಂತಳು. ಮೇಷ್ಟ್ರು ಕೆಟ್ಟವರಲ್ಲ. ಸ್ಲೇಟು ಕಣ್ಣಿದ್ದವರಿಗೆ, ಮರಳಲ್ಲಿ ತಿದ್ದಿಸುವುದು ಹಳೆಯ ಪದ್ಧತಿ, ಈಗ ಅದನ್ನು ಬಿಡಿಸಿದ್ದಾರೆ ಎಂದು ಸಮಾಧಾನದಿಂದಲೇ ಹೇಳಿದರು. ಹಾಗಾದರೆ ಈ ಹುಡುಗನಿಗೆ ಕಲಿಸಕೂಡದು ಎಂದು ಕಾನೂನಿದೆಯೇ ಎಂದು ಅಜ್ಜಿ ಕೇಳಿದಳು. ಕೂಡದು ಎಂದಿಲ್ಲ, ಬೇಕಾಗಿಲ್ಲ ಎಂದಿದೆ ಎಂದರು ಮೇಷ್ಟ್ರು. ಅಜ್ಜಿ ಅದಕ್ಕೆ ಕೊಟ್ಟ ಉತ್ತರವನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಬ್ಯಾಡ ಅಂದಿದ್ರೆ ಕಾಲಿಡ್ಕೊಂಡು ಕೇಳ್ಬೋದಾಗಿತ್ತು ಸ್ವಾಮಿ. ಬೇಕಿಲ್ಲ ಅಂದೋರ್ನ ಏನಂತ ಕೇಳಾನ?"

ಮಾವ ಜಗಲಿಯ ಮೇಲೆ ಕೂತು ನೂಲುತ್ತ ದೊಡ್ಡವನಾದ. ಮದುವೆ ಗಿದುವೆ ಎಂದು ಯಾರೂ ಎತ್ತಲಿಲ್ಲ. ಶಾಲೆಯಿಂದ ಮಗ್ಗಿಯ ಸದ್ದು ಬಂದರೆ ಅವನ ಕೈ ನಿಲ್ಲುತ್ತಿತ್ತು, ಸದ್ದು ನಿಂತರೆ ಕೈ ಓಡುತ್ತಿತ್ತು. ರಟ್ಟೆ ಹಿಡಿಸಿಕೊಂಡು ಶಾಲೆಗೆ ಹೋದ ಅವನ ಓರಗೆಯವರಲ್ಲಿ ಎಷ್ಟೋ ಜನ ಕಲಿತದ್ದನ್ನು ಮರೆತು ಹೆಬ್ಬೆಟ್ಟು ಒತ್ತುವವರಾದರು. ಮಾವ ಒಂದಕ್ಷರವನ್ನೂ ಮರೆಯಲಿಲ್ಲ. ಮರೆಯದೆ ಇಟ್ಟುಕೊಂಡು ಮಾಡುವುದೇನು? ಅವನ ಬೆರಳಿಗೆ ಸಿಗುವ ಅಕ್ಷರ ಊರಲ್ಲಿ ಎಲ್ಲಿಯೂ ಇರಲಿಲ್ಲ. ಮಾರಿಗುಡಿಯ ಮುಂದೆ ಒಂದು ಹಳೆಯ ಶಾಸನವಿತ್ತು, ಆದರೆ ಅದರ ಅಕ್ಷರ ಐಗಳು ಕಲಿಸಿದ ಅಕ್ಷರವಲ್ಲ.

ಆ ಶಾಸನದ ವಿಷಯ ಸ್ವಲ್ಪ ಹೇಳಬೇಕು. ಯಾವುದೋ ಕಾಲದ ಅರಸು ಕೆರೆಗೆ ಭೂಮಿ ಬಿಟ್ಟ ಕಲ್ಲು ಅದು ಎಂದು ಹಿರಿಯರು ಹೇಳುತ್ತಿದ್ದರು. ಗದ್ದೆಗೆ ನೀರು ಬಿಡುವ ಸರದಿಯಲ್ಲಿ ಜಗಳ ಬಂದರೆ ಅದರ ಮೇಲೆ ಕೈಯಿಟ್ಟು ತೀರ್ಮಾನ. ಕಾಗದದ ಮಾತನ್ನು ಅಮಲ್ದಾರರು ತಿದ್ದಬಹುದು, ಕಲ್ಲಿನ ಮಾತನ್ನು ಯಾರೂ ತಿದ್ದಲಾರರು ಎಂಬ ನಂಬಿಕೆ ನಮ್ಮೂರಲ್ಲಿ ಎಲ್ಲರಿಗೂ ಇತ್ತು. ಮಾವನಿಗೂ ಇತ್ತು.

ನಾನು ಶಾಲೆಗೆ ಹೋಗುವ ಹೊತ್ತಿಗೆ ಹೊಸ ಕಟ್ಟಡ ಎದ್ದಿತ್ತು. ಬಾಗಿಲ ಪಕ್ಕ ಒಂದು ಕಪ್ಪು ಕಲ್ಲು ಕೂರಿಸಿದ್ದರು. ಕಲ್ಲುಕುಟಿಗ ಅಕ್ಷರಗಳನ್ನು ಒಳ್ಳೆ ಆಳಕ್ಕೆ ಕೊರೆದಿದ್ದ. ಒಂದು ಭಾನುವಾರ ಮಾವ ನನ್ನ ಭುಜ ಹಿಡಿದುಕೊಂಡು ಅಲ್ಲಿಗೆ ಬಂದ. ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳುತ್ತ ಹೋದ. ಒತ್ತು ಬಂದಲ್ಲಿ ನಿಂತು ನನ್ನನ್ನು ಕೇಳಿದ. "ಈ ಊರಿನ ಸಮಸ್ತ ಮಕ್ಕಳ ವಿದ್ಯೆಗಾಗಿ ಕಟ್ಟಿದ ಶಾಲೆ." ಸಮಸ್ತ ಎಂದರೇನು ಎಂದ. ಎಲ್ಲರೂ ಎಂದೆ. ಅವನ ಬೆರಳು ಮತ್ತೆ ಆ ಮಾತಿಗೇ ಹೋಯಿತು, ಅಲ್ಲೇ ಬಹಳ ಹೊತ್ತು ಇತ್ತು. ಅಷ್ಟು ಸಂತೋಷಪಟ್ಟ ಮಾವನನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅದಾದ ಕೆಲವು ವರ್ಷಕ್ಕೆ ಎದುರು ಮನೆಯ ಕೆಂಪಯ್ಯನ ಮಗ ಚಿಕ್ಕಮಾದುವಿಗೆ ಕಣ್ಣುಬೇನೆ ಬಂದು, ಅವನೂ ಇವನೂ ಹೇಳಿದ ಸೊಪ್ಪಿನ ರಸವನ್ನೆಲ್ಲ ಹಿಂಡಿ, ನೋಟ ಪೂರ್ತಿ ಹೋಯಿತು. ಅದೇ ಹೊತ್ತಿಗೆ ಓದಿನ ಹೊಸ ಕಾಯಿದೆ ಬಂತೆಂದು ಊರಲ್ಲಿ ಸುದ್ದಿ. ಮಾವ ಆ ಹುಡುಗನ ಕೈಹಿಡಿದು ಶಾಲೆಗೆ ಹೊರಟ. ದಾರಿ ತೋರಿಸಲು ನಾನು ಹೋಗಿದ್ದೆ. ಆಗ ಇದ್ದವರು ಮಹದೇವಯ್ಯ ಮೇಷ್ಟ್ರು. ಮಾವ ನಮಸ್ಕಾರ ಹೇಳಿ, ಒಂದು ಕೈಯನ್ನು ಗೋಡೆಯ ಕಲ್ಲಿನ ಮೇಲಿಟ್ಟು ಮಾತಾಡಿದ.

"ಈ ಕೂಸ ಸೇರಿಸ್ಕೊಳ್ಳಿ ಮೇಷ್ಟ್ರೇ. ಸಮಸ್ತ ಅಂತ ಕಲ್ಲಲ್ ಬರ್ದದೆ. ಕಲ್ಲಲ್ ಇರಾದ್ನ ಯಾರೂ ಇಲ್ಲ ಅನ್ನಂಗಿಲ್ಲ."

ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ಬೈದು ಬರಬಹುದಾಗಿತ್ತು. ಅದು ಕಟ್ಟಡದ ಕಲ್ಲು, ಕಾನೂನಲ್ಲ ಎಂದರು. ಹೊಸ ಕಾಯಿದೆಯಲ್ಲೂ ಇಂಥ ಮಕ್ಕಳಿಗೆ ವಿನಾಯಿತಿಯೇ ಎಂದು ತಾವು ತಿಳಿದಿರುವುದಾಗಿ ಹೇಳಿದರು. ಆಮೇಲೆ, ಏನಾದರೂ ಒಳ್ಳೆಯ ಮಾತು ಹೇಳಿ ಕಳಿಸಬೇಕೆಂದು ತೋರಿತೇನೋ, ಮೈಸೂರಿನಲ್ಲಿ ಕುರುಡರಿಗೂ ಕಿವುಡರಿಗೂ ಒಂದು ಶಾಲೆಯಿದೆ, ಅಲ್ಲಿ ಕಾಗದದ ಮೇಲೆ ಉಬ್ಬಿದ ಚುಕ್ಕೆಗಳನ್ನು ಬೆರಳಿನಿಂದ ಓದುವುದನ್ನು ಕಲಿಸುತ್ತಾರೆ, ಈ ಹುಡುಗನನ್ನು ಅಲ್ಲಿಗೆ ಸೇರಿಸಬಹುದು ಎಂದರು. ಮಾವ ಕಲ್ಲಿನ ಮೇಲಿದ್ದ ಕೈ ತೆಗೆದ.

"ಆ ಸಾಲೆ ಎಂದಿಂದ ಅದೆ?"

ಬಹಳ ಹಿಂದಿನಿಂದ ಇದೆ ಎಂದರು ಮೇಷ್ಟ್ರು.

"ನಾನು ಮರಳಲ್ ತಿದ್ತಿದ್ನಲ್ಲ, ಆಗ್ಲೂ ಇತ್ತಾ?"

"ಇತ್ತು, ಮಂಟಯ್ಯ."

"ನಮ್ಗೆ ಯಾರೂ ಯೋಳ್ನಿಲ್ಲ."

ಹೇಳಲೇಬೇಕೆಂದು ಯಾರ ಮೇಲೂ ಹೊಣೆ ಇರಲಿಲ್ಲವಲ್ಲ ಎಂದರು ಮೇಷ್ಟ್ರು, ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ. ನಮ್ಮ ಮನೆಯ ಬಾಗಿಲವರೆಗೆ ಬಂದ ಕಾನೂನಿಗೆ ಈ ಒಂದು ಮಾತು ಹೇಳಿ ಹೋಗಲು ಬಾಯಿರಲಿಲ್ಲ. ಬರಬೇಕಾಗಿಲ್ಲ ಎನ್ನಲು ಮಾತ್ರ ಬಾಯಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ.

ಮಾವ ಅಂದೇ ಸಂಜೆ ಕೆಂಪಯ್ಯನ ಮನೆಗೆ ಹೋದ. ಮಗನನ್ನು ಮೈಸೂರಿಗೆ ಕಳಿಸು ಎಂದು ಬೇಡಿಕೊಂಡ. ತನಗೆ ತಪ್ಪಿದ್ದು ಈ ಹುಡುಗನಿಗಾದರೂ ಸಿಗಲಿ ಎಂದ. ಕೆಂಪಯ್ಯ ಕಲ್ಲೆದೆಯವನಲ್ಲ, ಹೆಂಡತಿ ಸತ್ತ ಮೇಲೆ ಆ ಮಗನನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಿದ್ದ. ಕಣ್ಣಿಲ್ಲದ ಕೂಸನ್ನು ಗುರುತಿಲ್ಲದ ಊರಲ್ಲಿ ಬಿಟ್ಟು ಬರುವುದು ಹೇಗೆ ಎಂದು ಅತ್ತುಬಿಟ್ಟ.

"ಸರ್ಕಾರನೇ ಬ್ಯಾಡ ಅಂತ ಬುಟ್ಟಿರುವಾಗ ನಾನ್ಯಾಕಣ್ಣ ದೂರ ತಳ್ಳಲಿ?"

ತಳವಾರ ಬಂದು ಈ ಹುಡುಗನ ರಟ್ಟೆಯನ್ನೂ ಹಿಡಿದು ಎಳೆದುಕೊಂಡು ಹೋಗಿದ್ದರೆ ಆಗುತ್ತಿತ್ತು ಎಂದು ಮಾವ ದಾರಿಯಲ್ಲಿ ನನಗೆ ಹೇಳಿದ.

ಆದರೂ ಅವನು ಪೂರ್ತಿ ಕೈಬಿಡಲಿಲ್ಲ. ಕಲ್ಲು ಕಾನೂನಲ್ಲದಿದ್ದರೆ ಬೇಡ, ಅಕ್ಷರವಂತೂ ಹೌದಲ್ಲ. ಹೊಳೆಯಿಂದ ಮರಳು ತರಿಸಿ ಜಗಲಿಯ ಮೇಲೆ ಹರಡಿ ಚಿಕ್ಕಮಾದುವಿಗೆ ತಿದ್ದಿಸತೊಡಗಿದ. ಹುಡುಗ ಚೂಟಿಯಾಗಿದ್ದ. ಕಾಗುಣಿತ ಮುಗಿದ ಮೇಲೆ, ನಾಳೆ ನಿನಗೆ ಓದುವುದಕ್ಕೆ ನಿಜವಾದದ್ದು ತೋರಿಸುತ್ತೇನೆ ಎಂದು ಮಾವ ಆಸೆ ಹುಟ್ಟಿಸಿದ. ರಾತ್ರಿಯೆಲ್ಲ ಹುಡುಗ ಅಪ್ಪನಿಗೆ ನಿದ್ದೆ ಮಾಡಗೊಡಲಿಲ್ಲವಂತೆ.

ಮಾರನೆಯ ದಿನ ನಾವು ಮೂವರೂ ಹೋದೆವು. ಇನ್‌ಸ್ಪೆಕ್ಟರು ಬರುತ್ತಾರೆಂದು ಆ ವಾರ ಶಾಲೆಗೆ ಸುಣ್ಣ ಬಳಿಸಿದ್ದರು. ಬಳಿದವನು ಗೋಡೆ ಯಾವುದು, ಕಲ್ಲು ಯಾವುದು ಎಂದು ನೋಡದೆ ಒಂದರ ಮೇಲೊಂದು ಪದರ ದಪ್ಪನಾಗಿ ಎಳೆದು, ಕೊರೆದ ಅಕ್ಷರಗಳನ್ನೆಲ್ಲ ತುಂಬಿಸಿಬಿಟ್ಟಿದ್ದ. ಮಾವ ಕೈಯಿಟ್ಟ. ಮೇಲೆ ಸವರಿದ, ಕೆಳಗೆ ಸವರಿದ, ಜಾಗ ತಪ್ಪಿತೇನೋ ಎಂದು ಬಾಗಿಲ ಚೌಕಟ್ಟು ಮುಟ್ಟಿ ನೋಡಿದ. ಉಗುರಿನಿಂದ ಕೆರೆದ. ಗಟ್ಟಿಯಾಗಿದ್ದ ಸುಣ್ಣ ಬಿಡಲಿಲ್ಲ. ಚಿಕ್ಕಮಾದು ಎಲ್ಲಿ, ಎಲ್ಲಿ ಎಂದು ಅವನ ಪಂಚೆ ಜಗ್ಗುತ್ತಲೇ ಇದ್ದ. ಕೆರೆಸಬಹುದು ಮಾವ, ಮೇಷ್ಟ್ರಿಗೆ ಹೇಳೋಣ ಎಂದೆ ನಾನು. ಬೇಡ ಎಂದ ಮಾವ. ಕೆರೆಸಿ, ಓದಿಸಿ, ಆಮೇಲೆ ಈ ಕೂಸಿಗೆ ಓದಲು ಇನ್ನೇನು ತಂದುಕೊಡಲಿ ಎಂದ.

ಮನೆಗೆ ಬಂದು ಜಗಲಿಯ ಮರಳನ್ನು ತಾನೇ ಬಾಚಿ ಅಂಗಳಕ್ಕೆ ಸುರಿದ. ಒಳಗೆ ಹೋಗಿ ಅಜ್ಜ ಕೊಟ್ಟಿದ್ದ ಕದಿರು ತಂದ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ.

"ಇಡ್ಕೊ ಕಣ್ಲಾ ಮಗ," ಎಂದ. "ಇದುಕ್ ಕಣ್ ಬೇಕಿಲ್ಲ."