ಪುಸ್ತಕಕ್ಕೆ ಸುಣ್ಣಕಟ್ಟು ಬಂದಾಗ

ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ನಮ್ಮೂರ ವಾಚನಾಲಯದ ಟೆರೇಸ್ ಮೇಲೆ ಹಪ್ಪಳದ ಹಾಗೆ ಪುಸ್ತಕ ಒಣಗಿಸುತ್ತಿದ್ದೆ. ಚಾಪೆ ಹಾಸಿ, ಸಾಲಾಗಿ ಹರಡಿ, ಹಾರಿಹೋಗದಿರಲಿ ಅಂತ ಒಂದೊಂದಕ್ಕೂ ಕಲ್ಲಿಟ್ಟು. ಎಂಥ ಒಳ್ಳೆ ಕೆಲಸ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಬೇರೆ.

ಅಷ್ಟರಲ್ಲಿ ನಾರಾಯಣಮ್ಮ ಮೆಟ್ಟಿಲು ಹತ್ತಿ ಬಂದಳು. ವಾಚನಾಲಯದ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು ಎಲ್ಲ ಅವಳೇ. (ನಮ್ಮ ಇಡೀ ಸ್ಟಾಫ್ ಅವಳೊಬ್ಬಳೇ. ನಾನು ಗೌರವ ಕಾರ್ಯದರ್ಶಿ. ಅಂದರೆ ಕೆಲಸ ಮಾಡದೆ ಯಜಮಾನಿಕೆ ಮಾಡುವವಳು.) ಬಂದವಳೇ ಒಂದು ಮಾತೂ ಕೇಳದೆ ಪುಸ್ತಕಗಳನ್ನು ಎತ್ತಿ ಎತ್ತಿ ನೆರಳಿಗೆ ಇಡತೊಡಗಿದಳು.

ನನಗೆ ಸಿಟ್ಟು ನೆತ್ತಿಗೇರಿತು. ನೀನು ಯಾವಾಗಿನಿಂದ ಪುಸ್ತಕದ ಡಾಕ್ಟರ್ ಆದೆ ಅಂತ ಕೇಳಿಯೇ ಬಿಟ್ಟೆ.

ಅವಳು ಕೈ ನಿಲ್ಲಿಸಲಿಲ್ಲ. "ಬಿಸಿಲಿಗೆ ಬೇಡ ಅಕ್ಕಾ. ಇದಕ್ಕೆ ಸುಣ್ಣಕಟ್ಟು ಬಂದೈತೆ. ರೋಗದ್ದು ಬೇರೆ, ಚೆನ್ನಾಗಿರೋದು ಬೇರೆ ಮಾಡ್ಬೇಕು ಮೊದ್ಲು."

ಸುಣ್ಣಕಟ್ಟು ಅಂದರೆ ರೇಷ್ಮೆ ಹುಳಕ್ಕೆ ಬರುವ ರೋಗ. ಹುಳದ ಮೈಯೆಲ್ಲ ಬೆಳ್ಳಗಾಗಿ, ಬಿರುಸಾಗಿ, ಸೀಮೆಸುಣ್ಣದ ಹಾಗೆ ಆಗಿಬಿಡುತ್ತದೆ. ನಾರಾಯಣಮ್ಮನ ಮನೆ ಹಿಂದೆ ಹುಳ ಮನೆ ಇದೆ, ಮುಂದೆ ಹಿಪ್ಪುನೇರಳೆ ತೋಟ. ಅವಳಿಗೆ ಎಲ್ಲ ರೋಗವೂ ಹುಳದ ರೋಗವೇ. ನಾನು ನಕ್ಕೆ. ಆಮೇಲೆ ಗದರಿದೆ. ಅವಳು ನೆರಳಿಗಿಟ್ಟಿದ್ದು ಇರಲಿ, ಕೊನೆಯ ಮೂರು ಬಿಸಿಲಲ್ಲೇ ಇರಬೇಕು ಅಂತ ಹಟ ಹಿಡಿದೆ.

ಅವು ಯಾವ ಪುಸ್ತಕ ಅಂತ ಹೇಳಲೇ ಇಲ್ಲ, ಅಲ್ಲವೇ? ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಸಣ್ಣ ಊರಿನಲ್ಲಿ ಹಿಂದೆ ಒಂದಷ್ಟು ಮೇಷ್ಟ್ರುಗಳು, ಓದಿದ ಹುಡುಗರು ಸೇರಿ ಕೈಬರಹದ ಮಾಸಪತ್ರಿಕೆ ತರುತ್ತಿದ್ದರು. ತಿಂಗಳಿಗೆ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಿ ಓದಿಸಿಕೊಂಡು ವಾಪಸ್ ಬರಬೇಕು. ಒಂದು ಪುಟ ಕನ್ನಡ, ಮಗ್ಗುಲ ಪುಟ ಕನ್ನಡ ಲಿಪಿಯಲ್ಲಿ ತೆಲುಗು ಹಾಡು. ರಾಗಿ ಕಣದ ಬಣ್ಣದ ಚಿತ್ರ, ಊರಿನವರನ್ನೆಲ್ಲ ರೇಗಿಸುವ ಚುಟುಕ. ನಲವತ್ತಮೂರು ಸಂಚಿಕೆ ಉಳಿದಿವೆ. ಜೆರಾಕ್ಸ್ ಇಲ್ಲ, ಸ್ಕ್ಯಾನ್ ಇಲ್ಲ. ಅವು ಹೋದರೆ ಹೋದವು, ಅಷ್ಟೇ.

ಇವನ್ನಿಟ್ಟ ಬೀರುವಿನ ಹಿಂದಿನ ಗೋಡೆಯಲ್ಲಿ ನೀರಿನ ಪೈಪು ಸೋರಿ, ಮೂರು ತಿಂಗಳಿಂದ ಅಷ್ಟೂ ತೇವ ಹೀರಿಕೊಂಡು ಕೂತಿದ್ದವು. ನಾವು ಯಾರೂ ನೋಡಿರಲಿಲ್ಲ. (ಹಳೇ ಪುಸ್ತಕದ ಬೀರು ನಾರಾಯಣಮ್ಮ ಮುಟ್ಟಬಾರದು ಅಂತ ನಮ್ಮ ಕಮಿಟಿಯ ರೂಲ್ಸು. ಮುಟ್ಟಬಹುದಾದ ನಾವು ಮುಟ್ಟುವುದಿಲ್ಲ.)

ಅದೃಷ್ಟಕ್ಕೆ ಮಾರನೇ ದಿನವೇ ಕೋಲಾರದಲ್ಲಿ ತರಬೇತಿ. ಗ್ರಂಥಾಲಯ, ಸಣ್ಣ ಮ್ಯೂಸಿಯಂ, ಹಳೇ ದಾಖಲೆ ನೋಡಿಕೊಳ್ಳುವವರಿಗೆ ಒಂದು ದಿನದ ಪಾಠ. ಕೆಟ್ಟಿರುವ ವಸ್ತು ಒಂದಿದ್ದರೆ ತನ್ನಿ ಅಂದಿದ್ದರು. ನಮ್ಮಲ್ಲಿ ಒಂದೇ? ಹೆಸರು ನನ್ನದು, ಸಂಚಿಕೆಗಳ ಡಬ್ಬ ಹೊರಲು ನಾರಾಯಣಮ್ಮ.

ಪಾಠ ಹೇಳುವ ಮೇಡಂ ಬೆಂಗಳೂರಿನಿಂದ ಬರುವಾಗ ನರಸಾಪುರದ ಹತ್ತಿರ ಕಂಪನಿ ಬಸ್ಸುಗಳ ಮಧ್ಯೆ ಸಿಕ್ಕಿಹಾಕಿಕೊಂಡು ಅರ್ಧ ಗಂಟೆ ಲೇಟಾಗಿ ಬಂದರು. ಚಿಕ್ಕ ವಯಸ್ಸು, ಚುರುಕು ಮಾತು. ಬಂದ ಕೂಡಲೇ ನಮ್ಮೆಲ್ಲರ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು. ಹಳೇ ಕಾಗದದ ಹತ್ತಿರ ಇಂಕು ಬರಕೂಡದಂತೆ. ಆಮೇಲೆ ಶುರುವಾಯಿತು ನೋಡಿ, ಎಲ್ಲರ ತಪ್ಪೊಪ್ಪಿಗೆ! ಮುಳಬಾಗಿಲಿನಿಂದ ಬಂದವರು ಹರಿದ ಪುಟಕ್ಕೆಲ್ಲ ಸೆಲ್ಲೋಟೇಪ್ ಹಚ್ಚಿದ್ದರು. ಮಾಲೂರಿನ ಕಡೆಯ ಹಿರಿಯರೊಬ್ಬರು ತಾವು ಕೂಡಿಟ್ಟ ಶಿವಾರಪಟ್ಟಣದ ಹಳೇ ಕಲ್ಲಿನ ಕೆತ್ತನೆಗಳಿಗೆ ವಾರಕ್ಕೊಂದು ಸಲ ಎಣ್ಣೆ ಸವರುತ್ತಿದ್ದರು, ಹೊಳೆಯಲಿ ಅಂತ. ಎಣ್ಣೆ ಧೂಳು ಹಿಡಿಯುತ್ತದೆ ಅಂದಾಗ ಅವರ ಮುಖ ನೋಡಬೇಕಿತ್ತು. ನಾನು ಟೆರೇಸಿನ ವಿಷಯ ಬಾಯಿ ಬಿಡಲಿಲ್ಲ.

ಆಮೇಲೆ ಮೇಡಂ ಒಂದು ಹಲಗೆ ಎತ್ತಿ ತೋರಿಸಿದರು. ಅದರಲ್ಲಿ ಎರಡು ಥರ್ಮಾಮೀಟರು, ಒಂದರ ತುದಿಗೆ ಒದ್ದೆ ಬಟ್ಟೆ. ಇದೇನು ಅಂತ ಯಾರಿಗಾದರೂ ಗೊತ್ತಾ ಅಂದರು. ಎಮ್ಮೆಗಳು, ಪಿಎಚ್‌ಡಿಗಳು ಎಲ್ಲ ಗಪ್‌ಚಿಪ್. (ಎಂ.ಎ. ಮಾಡಿದವರನ್ನು ನಮ್ಮ ಕಡೆ ಹಾಗೇ ರೇಗಿಸುತ್ತೇವೆ. ನಾನೂ ಒಂದು ಎಮ್ಮೆಯೇ, ಡಬಲ್.)

ಕೊನೇ ಸಾಲಿನಲ್ಲಿ, ಡಬ್ಬದ ಪಕ್ಕ ಕೂತಿದ್ದ ನಾರಾಯಣಮ್ಮ ಎದ್ದು ನಿಂತಳು.

"ತೇವ ನೋಡೋದು ಮೇಡಂ. ಎರಡಕ್ಕೂ ವ್ಯತ್ಯಾಸ ಕಮ್ಮಿ ಇದ್ರೆ ಗಾಳೀಲಿ ತೇವ ಜಾಸ್ತಿ ಅಂತ. ನಮ್ಮ ಹುಳ ಮನೇಲಿ ದಿನಾ ಮೂರು ಸಲ ನೋಡ್ತೀವಿ."

ನನಗೆ ರೋಮಾಂಚನವಾಯಿತು. ಸುಳ್ಳಲ್ಲ, ಕೂತಲ್ಲಿ ಕೂರಲಾಗಲಿಲ್ಲ! ಮೇಡಂ ಅವಳನ್ನು ಮುಂದಕ್ಕೆ ಕರೆದರು. ಡಬ್ಬ ತೆಗೆಸಿದರು. ಅವಳು ನನ್ನನ್ನು ಕೇಳದೆ ಸಂಚಿಕೆಗಳನ್ನು ಆಗಲೇ ಎರಡು ಪಾಲು ಮಾಡಿ, ಬೇರೆ ಬೇರೆ ಕವರಿನಲ್ಲಿ ಕಟ್ಟಿ ತಂದಿದ್ದಳು. ರೋಗದ್ದು ಇತ್ತ, ಚೆನ್ನಾಗಿರೋದು ಅತ್ತ. ಮೇಡಂ ಒಂದು ಪುಟದ ಮೇಲಿನ ಬೆಳ್ಳನೆಯ ಪುಡಿ ತೋರಿಸಿ, ಇದು ಬೂಷ್ಟು, ನಿಮ್ಮ ಹುಳದ ಸುಣ್ಣಕಟ್ಟೂ ಬೂಷ್ಟೇ, ಎರಡೂ ಒಂದೇ ಜಾತಿ, ಎರಡಕ್ಕೂ ತೇವವೇ ತಾಯಿ ಅಂದರು. ಬೇರೆ ಮಾಡುವುದೇ ಮೊದಲ ಪಾಠ, ಅದನ್ನು ನಾನು ಹೇಳುವ ಮೊದಲೇ ಇವರು ಮಾಡಿದ್ದಾರೆ ಅಂದರು. ಚಪ್ಪಾಳೆ!

ಹಾಗಾದರೆ ಹುಳಕ್ಕೆ ಹಾಕುವ ಹಾಗೆ ಸುಣ್ಣದ ಪುಡಿ ಉದುರಿಸಬಹುದಾ ಅಂತ ನಾರಾಯಣಮ್ಮ ಕೇಳಿದಳು. ಬೇಡವೇ ಬೇಡ ಅಂದರು ಮೇಡಂ. ಪುಟಗಳ ಮಧ್ಯೆ ಅಚ್ಚಾಗದ ಬಿಳೀ ಕಾಗದ ಇಟ್ಟು, ನೆರಳಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಗಲದಂತೆ ಆರಿಸಬೇಕು. ಪೂರಾ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಶ್‌ನಲ್ಲಿ ಬೂಷ್ಟು ತೆಗೆಯಬೇಕು. ಅವಳು ತಲೆಯಾಡಿಸಿ, ಎಳೇ ಹುಳ ಬಿಡಿಸುವ ಕೈಯಲ್ಲೇ ಒಂದೊಂದು ಪುಟ ಬಿಡಿಸಿದಳು. ಕೋಲಾರ ಜಿಲ್ಲೆಯ ಓದಿದವರೆಲ್ಲ ಸುತ್ತ ನಿಂತು ನೋಡಿದೆವು.

ತಳದಲ್ಲಿ ನನ್ನ ಮೂರು ಸಂಚಿಕೆ ಇದ್ದವು. ಹಾಳೆ ಮುರುಟಿ, ಬಣ್ಣ ಕರಗಿ ಒಂದಕ್ಕೊಂದು ಅಂಟಿ, ರಾಗಿ ಕಣದ ಚಿತ್ರ ಎರಡು ಸೀಳು. ಇದನ್ನು ಬಿಸಿಲಿಗೆ ಹಾಕಿದ್ದು ಯಾರು ಅಂತ ಮೇಡಂ ಕೇಳಿದರು. ನಾರಾಯಣಮ್ಮ ನನ್ನ ಕಡೆ ನೋಡಲಿಲ್ಲ, ಹೆಸರೂ ಹೇಳಲಿಲ್ಲ. ನಾನೇ ಕೈ ಎತ್ತಿದೆ. ನಾಚಿಕೆಯಾಯಿತು. ಆ ಮೂರನ್ನು ಇನ್ನು ಯಾರೂ ಓದಲಾರರು.

ಉಳಿದ ನಲವತ್ತು? ವಾಚನಾಲಯದ ಒಳಕೋಣೆಯಲ್ಲಿ ನೆರಳಿಗೆ ಆರುತ್ತಿವೆ. ನಾರಾಯಣಮ್ಮ ಮನೆಯಿಂದ ಹುಳ ಮನೆಯ ಹಳೇ ಜೋಡಿ ಥರ್ಮಾಮೀಟರ್ ತಂದು ಗೋಡೆಗೆ ನೇತುಹಾಕಿದ್ದಾಳೆ. ದಿನಾ ಮೂರು ಸಲ ನೋಡಿ ಪೆನ್ಸಿಲ್‌ನಲ್ಲಿ ಬರೆಯುತ್ತಾಳೆ. ನಾನು ದಿನಕ್ಕೆ ನಾಲ್ಕು ಸಲ ಹೋಗಿ ಬಾಗಿಲಲ್ಲಿ ನಿಂತು ನೋಡಿ ಖುಷಿಪಟ್ಟು ಬರುತ್ತೇನೆ, ಕೈ ಕಟ್ಟಿಕೊಂಡು.

ಈಗ ಮುಂದಿನ ಹಂತದ, ಒಂದು ತಿಂಗಳ ತರಬೇತಿಗೆ ಅರ್ಜಿ ಫಾರಂ ಬಂದಿದೆ. ಅದನ್ನು ಮುಗಿಸಿದವರಿಗೇ ಬೀರುವಿನ ಜವಾಬ್ದಾರಿ ಅಂತ ಕಮಿಟಿ ಒಪ್ಪಿದೆ. ಆದರೆ ಕನಿಷ್ಠ ಅರ್ಹತೆ, ಪದವಿ. ನಾರಾಯಣಮ್ಮ ಓದಿದ್ದು ಏಳನೇ ಕ್ಲಾಸು. ರೂಲ್ಸ್ ಅಂದರೆ ರೂಲ್ಸ್, ನೀವೇ ಹೋಗಿಬನ್ನಿ ಅಂತ ಅಧ್ಯಕ್ಷರು ಅರ್ಜಿ ನನ್ನ ಕೈಗಿಟ್ಟರು. ಅವಳನ್ನು ಕೇಳಿದೆ. "ಹೋಗ್ತೀನಿ ಅಕ್ಕಾ, ಕಳಿಸಿದ್ರೆ. ಈ ಬೆಳೆ ಹುಳ ಗೂಡು ಕಟ್ಟಿದ ಮೇಲೆ" ಅಂದಳು.

ಅರ್ಜಿಯಲ್ಲಿ ಅವಳ ಹೆಸರೇ ಬರೆದು ಕಳಿಸಿದ್ದೇನೆ. ತಿರಸ್ಕರಿಸುವವರಿಗೆ ನನ್ನದೊಂದೇ ಪ್ರಶ್ನೆ: ನಿಮ್ಮಲ್ಲಿ ಯಾವ ಪದವೀಧರರು ದಿನಾ ನಮ್ಮೂರಿಗೆ ಬಂದು ಈ ನಲವತ್ತನ್ನು ಕಾಯುತ್ತಾರೆ?