ಪಕ್ಕದ ಸೀಟಿನ ಕೆಳಗಿನ ಬೆಂಕಿ

ಬೆಳಗಿನ ಎಂಟೂವರೆ. ಹೊತ್ತು ಹುಟ್ಟಲು ಇನ್ನೂ ಬಹಳ ಸಮಯವಿದೆ. ಖಂದಿಗಾ ಊರಾಚೆಯ ಕೊಲಿಮಾ ರಸ್ತೆಯಲ್ಲಿ ಮೈನಸ್ ಐವತ್ತೊಂದು ಡಿಗ್ರಿ ಚಳಿ. ಬಿಟ್ಟ ಉಸಿರು ಕಿವಿಯ ಬಳಿಯೇ ಹರಳುಗಟ್ಟಿ, ಯಾರೋ ಪಿಸುಗುಟ್ಟಿದಂತೆ ಸದ್ದು ಮಾಡುತ್ತದೆ. ರಸ್ತೆ ಬದಿಯ ತಮ್ಮ ರಿಪೇರಿ ಶೆಡ್ಡಿನೊಳಗೆ, ಆಗಷ್ಟೇ ಬಂದು ನಿಂತ ಲಾರಿ ಹತ್ತಿ ಅಕುಲೀನಾ ಸ್ಲೆಪ್ಸೋವಾ ಪಕ್ಕದ ಸೀಟಿನ ಮುಂದೆ ಮಂಡಿಯೂರುತ್ತಾರೆ. ಡೀಸೆಲ್ ಹೀಟರ್ ಇರುವುದು ಆ ಸೀಟಿನ ಕೆಳಗೆ.

"ಸ್ವಲ್ಪ ತಡಿ ಅಕ್ಕ," ಕೆಳಗೆ ನಿಂತ ಡ್ರೈವರ್ ತೆರೆಂತಿ ಹೇಳುತ್ತಾನೆ. "ಅಲ್ಲಿ ಅಪ್ಪ ಕೂತಿದ್ದಾನೆ."

ತೆರೆಂತಿಯ ಅಪ್ಪ ತೀರಿಕೊಂಡು ಆರು ವರ್ಷ.

ಅಕುಲೀನಾ ನಗುವುದಿಲ್ಲ. "ಯಾವಾಗಿಂದ?"

"ಕಣಿವೆ ದಾಟಿದಾಗಿಂದ. 'ಮಲಗು ಮಗಾ, ರಸ್ತೆ ನಾನು ನೋಡ್ಕೋತೀನಿ' ಅಂತಾನೆ."

"ತಲೆನೋವು? ವಾಕರಿಕೆ?"

"ಎರಡೂ."

"ಮಲಗ್ಲಿಲ್ಲ ತಾನೇ?"

"ಮಲಗಿದ್ರೆ ನಿನ್ನ ಕೈಲಿ ಬೈಸ್ಕೊಳ್ಳೋಕೆ ಬರ್ತಿದ್ನಾ?"

"ಮೊದಲು ಆಸ್ಪತ್ರೆಗೆ ನಡಿ. ನಿಮ್ಮಪ್ಪನ್ನ ನಾನು ನೋಡ್ಕೋತೀನಿ."

ನಲವತ್ತೇಳರ ಅಕುಲೀನಾ ಮೊದಲು ಡ್ರೈವರುಗಳ ಊಟದ ಮನೆಯಲ್ಲಿ ಅಡುಗೆಯವರಾಗಿದ್ದರು. ಹನ್ನೊಂದು ವರ್ಷದ ಹಿಂದೆ, ಹಿಮಗಾಳಿಗೆ ಸಿಕ್ಕಿ ಲಾರಿಯಲ್ಲೇ ತಂಗಿದ್ದ ಗಂಡ ಗವ್ರಿಲ್ ಫೋನ್ ಮಾಡಿದ್ದ. "ಅವ್ವ ಬಂದಿದ್ದಾಳೆ ಕಣೇ, ಪಕ್ಕದಲ್ಲೇ ಕೂತಿದ್ದಾಳೆ." ಅವನ ಅವ್ವ ಮಣ್ಣು ಸೇರಿ ಎಷ್ಟೋ ಕಾಲವಾಗಿತ್ತು. ಕುಡಿದಿದ್ದಾನೆಂದು ಅಕುಲೀನಾ ಫೋನ್ ಇಟ್ಟುಬಿಟ್ಟರು. ಮರುದಿನ ಬಾಗಿಲು ಒಡೆದವರಿಗೆ ಕಂಡದ್ದು ಬೆಚ್ಚಗಿನ ಕ್ಯಾಬಿನ್, ಉಸಿರು ನಿಂತ ಅವನ ಕೆಂಪೇರಿದ ಮುಖ, ಇನ್ನೂ ಉರಿಯುತ್ತಿದ್ದ ಹೀಟರ್.

"ಆ ಹೀಟರನ್ನ ಮನೆಗೆ ತಂದು, ಮೀನು ಸೀಳೋ ಹಾಗೆ ಬಿಚ್ಚಿದೆ. ಒಳಗೆ ಕೂದಲೆಳೆಯಷ್ಟು ಬಿರುಕು. ವಾಸನೆ ಇಲ್ಲದ ವಿಷಗಾಳಿ ಅಲ್ಲಿಂದ ಬಂದಿತ್ತು. ಅದು ತಲೆಗೇರಿದ್ರೆ ಇಲ್ಲದವರು ಕಾಣ್ತಾರೆ. ಈ ರಿಪೇರಿ ಕೆಲಸ ಕಲ್ತಿದ್ದು ಆಮೇಲೆ," ಎನ್ನುತ್ತಾರೆ ಅಕುಲೀನಾ.

ಮೊದಮೊದಲು ಡ್ರೈವರುಗಳು "ಸೂಪಿಗೆ ಉಪ್ಪು ಹಾಕು ಹೋಗಕ್ಕ" ಎಂದು ಚುಚ್ಚುತ್ತಿದ್ದರು. ಈಗ ಚಳಿಗಾಲದಲ್ಲಿ ದಿನಕ್ಕೆ ನಾಲ್ಕೈದು ಹೀಟರ್ ಬರುತ್ತವೆ. ಹೆಚ್ಚಿನವಕ್ಕೆ ಬೇಕಾದದ್ದು ಮಸಿ ಕೆರೆದು, ಹೊಸ ಗ್ಯಾಸ್ಕೆಟ್ ಕೂರಿಸುವುದಷ್ಟೇ. ಬಿರುಕು ಬಿಟ್ಟವು ಇದುವರೆಗೆ ಹತ್ತೊಂಬತ್ತು. ಅವುಗಳಲ್ಲಿ ಏಳರ ಮಾಲೀಕರ ಜೊತೆ ಸತ್ತವರು ಯಾರೋ ಇದ್ದರಂತೆ.

ಬ್ಯಾಟರಿ ತಂತಿ, ಡೀಸೆಲ್ ಕೊಳವೆ, ಹೊಗೆನಳಿಗೆ ಒಂದೊಂದಾಗಿ ಕಳಚುತ್ತವೆ. ಮಧ್ಯಾಹ್ನ ತೆರೆಂತಿ ಆಸ್ಪತ್ರೆಯಿಂದ ಮರಳಿದಾಗ, ಅಕುಲೀನಾ ಮಸಿ ತೆಗೆದ, ಹೀಟರಿನ ಬೆಂಕಿ ಉರಿಯುವ ಲೋಹದ ಗೂಡಿನೊಳಗೆ ಟಾರ್ಚ್ ಇಳಿಬಿಡುತ್ತಾರೆ. ಹೊರಮೈಯಲ್ಲಿ ಬೆಳಕಿನ ಸಣ್ಣ ಗೆರೆ ಮೂಡುತ್ತದೆ.

"ನೋಡು, ನಿಮ್ಮಪ್ಪ ಬಂದ ದಾರಿ."

ತೆರೆಂತಿ ಆ ಗೆರೆಯ ಮೇಲೆ ಬೆರಳಾಡಿಸುತ್ತಾನೆ. ಅಕುಲೀನಾ ಹೊಸ ಗೂಡು ಜೋಡಿಸಿ ಕೊನೆಯ ಬೋಲ್ಟು ಬಿಗಿದ ಮೇಲೆ, ಅವನು ಲಾರಿಯನ್ನು ಸುತ್ತಿ ಬಂದು ಪಕ್ಕದ ಸೀಟಿನ ಬಾಗಿಲು ತೆರೆಯುತ್ತಾನೆ. ವಯಸ್ಸಾದವರೊಬ್ಬರು ಇಳಿಯಲು ಬೇಕಾದಷ್ಟು ಹೊತ್ತು ಹಿಡಿದು ನಿಂತು, ಮೆಲ್ಲಗೆ ಮುಚ್ಚುತ್ತಾನೆ. ಅಕುಲೀನಾ ಕೂಡ ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ, ಕೈಯ ಮಸಿ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ನನ್ನ ಹತ್ರ ಬಂದವರು, ಪಕ್ಕದ ಸೀಟಲ್ಲಿ ಯಾರೂ ಇಲ್ಲದೆ, ಒಬ್ರೇ ಮನೆ ಸೇರ್ಲಿ. ಅಷ್ಟು ಸಾಕು."